ದೊಡ್ಡವ್ವನ ಪಾಲು

ನಮ್ಮ ಊರಿಗೆ ಮೂವರು ರಾಜರಿದ್ದರು. ಮೂವರಲ್ಲಿ ಒಬ್ಬನೂ ಊರೊಳಗೆ ಕಾಲಿಡುವ ಹಾಗಿರಲಿಲ್ಲ. ಇದನ್ನು ಕೇಳಿದ ಬೇರೆ ಊರಿನವರು ಮೊದಲು ನಗುತ್ತಾರೆ, ಆಮೇಲೆ ತಮ್ಮ ಊರಿನ ರಾಜನನ್ನು ನೆನೆಸಿಕೊಂಡು ಹೊಟ್ಟೆಕಿಚ್ಚು ಪಡುತ್ತಾರೆ. ಪಡಲಿ ಬಿಡಿ. ನಾನು ಇಮ್ಮಾ, ಈ ಊರಿನ ದೋಣಿಯವಳು. ನಲವತ್ತು ವರ್ಷದಿಂದ ಈ ನದಿಯಲ್ಲಿ ಹುಟ್ಟು ಹಾಕುತ್ತಿದ್ದೇನೆ. ರಾಜರ ವಿಷಯ ಮಠದ ಸನ್ಯಾಸಿಗಳಿಗಿಂತ ನನಗೇ ಚೆನ್ನಾಗಿ ಗೊತ್ತು, ಯಾಕೆಂದರೆ ಅವರು ಬರೆಯುತ್ತಾರೆ, ನಾನು ನೋಡಿದ್ದೇನೆ.

ನಮ್ಮ ರಾಜರದು ಉದ್ದಗೂದಲಿನ ವಂಶ. ಹುಟ್ಟಿದ ದಿನದಿಂದ ಅವರ ತಲೆಗೆ ಕತ್ತರಿ ತಾಕುವಂತಿಲ್ಲ. ಕೂದಲು ಬೆನ್ನ ಮೇಲೆ ಇಳಿದಿರುವ ತನಕ ರಾಜ, ಕತ್ತರಿಸಿಬಿಟ್ಟರೆ ನಮ್ಮ ನಿಮ್ಮಂಥವನು. ಹಾಗಾಗಿ ಆ ಮನೆತನದಲ್ಲಿ ಚಿಕ್ಕಪ್ಪಂದಿರು ಅಣ್ಣನ ಮಕ್ಕಳನ್ನು ಹಿಡಿದು ತಲೆ ಬೋಳಿಸಿ ಮಠಕ್ಕೆ ಅಟ್ಟುವುದು, ಆ ಮಕ್ಕಳು ಮಠದಲ್ಲಿ ಕೂದಲು ಬೆಳೆಸಿಕೊಂಡು ಗೋಡೆ ಹಾರಿ ಬಂದು ಚಿಕ್ಕಪ್ಪನ ಮೇಲೆ ಬೀಳುವುದು ತಲೆಮಾರುಗಳಿಂದ ನಡೆದುಬಂದಿದೆ. ಅಪ್ಪ ಸತ್ತರೆ ರಾಜ್ಯ ಗಂಡುಮಕ್ಕಳಿಗೆಲ್ಲ ಸಮಪಾಲು ಎಂಬುದು ಇನ್ನೊಂದು ಕಟ್ಟಳೆ. ಮುತ್ತಜ್ಜ ನಾಲ್ಕು ಸೀಮೆ ಗೆದ್ದು ಒಂದು ಮಾಡಿದ. ನಾಲ್ವರು ಮಕ್ಕಳು ಅದನ್ನು ಮತ್ತೆ ನಾಲ್ಕು ಮಾಡಿಕೊಂಡರು. ಅವರಲ್ಲಿ ಗಟ್ಟಿಯಾಗಿ ಉಳಿದ ಒಬ್ಬ ಮಿಕ್ಕವರದನ್ನೆಲ್ಲ ನುಂಗಿ ಪುನಃ ಒಂದು ಮಾಡಿದ. ಅವನ ಮಗನೇ ನಮ್ಮ ಹಳೆಯ ರಾಜ. ಈ ಚರಿತ್ರೆ ಬರೆದಿಡಲು ಮಠದಲ್ಲಿ ಒಬ್ಬರು ಮೂವತ್ತು ಚರ್ಮದ ಹಾಳೆ ತುಂಬಿಸಿದ್ದಾರೆ. ನಾನಾಗಿದ್ದರೆ ಅರ್ಧ ಹಾಳೆಯಲ್ಲಿ ಮುಗಿಸುತ್ತಿದ್ದೆ.

ಹಳೆಯ ರಾಜ ಸತ್ತಾಗ ಮೂವರು ಮಕ್ಕಳು ಹಗ್ಗ ತರಿಸಿ ರಾಜ್ಯವನ್ನು ಅಳೆದು ಹಂಚಿಕೊಂಡರು. ಹಿರಿಯವನು ಥಿಯೋಡ್ಮರ್, ನಡುವಿನವನು ಹರಿಬಾಲ್ಡ್, ಕಿರಿಯವನು ಸಿಗಿಮರ್. ಕಾಡು, ಗದ್ದೆ, ದ್ರಾಕ್ಷಿತೋಟ ಎಲ್ಲ ಜಗಳವಿಲ್ಲದೆ ಪಾಲಾಯಿತು. ಆದರೆ ನಮ್ಮ ಊರು ಮೂವರಿಗೂ ಬೇಕು. ಒಬ್ಬನಿಗೆ ಕೊಟ್ಟರೆ ಇನ್ನಿಬ್ಬರು ಕತ್ತಿ ಹಿರಿಯುತ್ತಾರೆ. ಕೊನೆಗೆ ಇಗರ್ಜಿಯಲ್ಲಿ ಸಂತರ ಮೂಳೆಗಳ ಮೇಲೆ ಕೈಯಿಟ್ಟು ಆಣೆ ಮಾಡಿದರು: ಊರು ಮೂವರಿಗೂ ಸೇರಿದ್ದು, ಮಿಕ್ಕಿಬ್ಬರ ಒಪ್ಪಿಗೆಯಿಲ್ಲದೆ ಒಬ್ಬನೂ ಒಳಗೆ ಕಾಲಿಡಬಾರದು, ಇಟ್ಟವನು ತನ್ನ ಪಾಲು ಕಳೆದುಕೊಳ್ಳುತ್ತಾನೆ. ಊರಿನ ಮೇಲಿನ ಬಾಗಿಲ ಆಚೆ ಹಿರಿಯವನ ನೆಲ, ಕೆಳಗಿನ ಬಾಗಿಲ ಆಚೆ ನಡುವಿನವನ ನೆಲ, ನದಿಯ ಆ ದಡ ಕಿರಿಯವನದು. ಊರಿನ ಬೆನ್ನಿಗೆ ಕಡಿದಾದ ಬಂಡೆ, ಅದು ಆಡುಗಳದು.

ನಾವು ಇದಕ್ಕೆ ಒಗ್ಗಿಹೋದೆವು. ಒಗ್ಗಿದ್ದೇನು, ಸುಖವಾಗಿದ್ದೆವು. ಊರೊಳಗೆ ಮೂರು ಅರಮನೆಗಳು ಖಾಲಿ ನಿಂತಿವೆ. ಮೂರರಲ್ಲೂ ದಿನಾ ಹಾಸಿಗೆ ಕೊಡವಿ ಹಾಸುತ್ತಾರೆ, ಮಲಗುವವರಿಲ್ಲ. ರಾಜರು ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ, ನಾವು ಒಳಗೆ ನಿಂತು ಅಹವಾಲು ಹೇಳುತ್ತೇವೆ. ಬಿಸಿಲು ಹೆಚ್ಚಾದರೆ ಅವರೇ ಎದ್ದು ಹೋಗುತ್ತಾರೆ. ಒಮ್ಮೆ ಗಾಳಿಗೆ ಹಿರಿಯವನ ಟೊಪ್ಪಿ ಹಾರಿ ರೊಟ್ಟಿಯವಳ ಛಾವಣಿ ಮೇಲೆ ಬಿತ್ತು. ಟೊಪ್ಪಿ ಬಂದರೆ ರಾಜ ಬಂದ ಹಾಗೋ ಅಲ್ಲವೋ ಎಂದು ಹದಿನೇಳು ದಿನ ತರ್ಕ ನಡೆಯಿತು. ಟೊಪ್ಪಿಗೆ ಒಂದು ಕೂದಲೂ ಅಂಟಿಲ್ಲವೆಂದು ಮೂರು ಕಡೆಯವರೂ ಪರೀಕ್ಷೆ ಮಾಡಿದ ಮೇಲೆ ಉದ್ದ ಕೋಲಿನಿಂದ ಅದನ್ನು ಗೋಡೆಯಾಚೆ ದಾಟಿಸಿದರು. ಟೊಪ್ಪಿಗೆ ಹೊಗೆ ತಾಕೀತೆಂದು ಅಷ್ಟು ದಿನವೂ ರೊಟ್ಟಿಯವಳು ಒಲೆ ಹಚ್ಚುವಂತಿರಲಿಲ್ಲ. ಅವಳು ಆ ವಂಶದ ಏಳು ತಲೆಮಾರನ್ನೂ ಬೈದದ್ದು ನಾಲ್ಕು ಬೀದಿಗೆ ಕೇಳಿಸಿತು, ಬಾಗಿಲ ಹೊರಗಿದ್ದ ರಾಜನಿಗೂ ಕೇಳಿಸಿತು.

ಇನ್ನು ನದಿಯ ವಿಷಯ. ಇದನ್ನು ಹೊರಗಿನವರ ಹತ್ತಿರ ನಾವು ಬಾಯಿ ಬಿಡುತ್ತಿರಲಿಲ್ಲ. ಪಾಲಿನ ದಿನ ಹಗ್ಗದ ಒಂದು ತುದಿ ಹಿಡಿದಿದ್ದವನು ನಮ್ಮಪ್ಪ. ದಡಕ್ಕೆ ಬಂದಾಗ ಅಳತೆಯ ಯಜಮಾನ ನೀರಿಗೆ ಗೂಟ ಹೊಡೆಯುವುದು ಹೇಗೆಂದು ಹಗ್ಗ ಸುತ್ತಿಕೊಂಡು ಊಟಕ್ಕೆ ಹೋದನಂತೆ. ಊಟವಾದ ಮೇಲೆ ಯಾರಿಗೂ ನೆನಪಾಗಲಿಲ್ಲ. ಹೀಗೆ ನದಿ ಪಾಲಿನ ಪತ್ರದಲ್ಲಿ ಬರಲೇ ಇಲ್ಲ. ಆದರೆ ರಾಜರು ಮೂವರೂ ನದಿ ಇನ್ನೊಬ್ಬನದು ಎಂದುಕೊಂಡರು. ಕಾಲಿಟ್ಟರೆ ಪಾಲು ಹೋದೀತೆಂದು ಕುದುರೆಗೆ ನೀರು ಕುಡಿಸಲೂ ಹತ್ತಿರ ಸುಳಿಯುತ್ತಿರಲಿಲ್ಲ. ಬೇರೆ ಕಡೆಯಲ್ಲೆಲ್ಲ ದೋಣಿಗೆ ಸುಂಕ, ಬಲೆಗೆ ಸುಂಕ, ಬಟ್ಟೆ ಒಗೆಯುವ ಕಲ್ಲಿಗೂ ಸುಂಕ. ನಮ್ಮಲ್ಲಿ ಮೀನುಗಾರರು, ಅಗಸರು, ತೊಗಲು ಹದ ಮಾಡುವವರು, ನಾನು, ಒಟ್ಟು ನಲವತ್ತು ಮನೆಯವರು ಯಾರಿಗೂ ತಲೆ ಬಾಗದೆ ಆ ನೀರಿನಿಂದ ಬದುಕುತ್ತಿದ್ದೆವು. ಅಪ್ಪ ಸಾಯುವಾಗ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು, ಆ ರಾಜರಿಗೆ ನದಿಯ ವಿಷಯ ತಿಳಿಯಬಾರದು ಎಂದು.

ರಾಜರ ತಾಯಿ ಊರೊಳಗೇ ಇದ್ದಳು. ಹೆಸರು ಔದಲಿಂಡ, ನಾವೆಲ್ಲ ಕರೆಯುತ್ತಿದ್ದದ್ದು ದೊಡ್ಡವ್ವ ಎಂದು. ಉಣ್ಣೆ ಹಿಂಜುವವನ ಮಗಳು. ಹಳೆಯ ರಾಜ ಬೇಟೆಗೆ ಹೋದಾಗ ಕಂಡು ಮೆಚ್ಚಿ ತಂದವಳು. ಗಂಡ ಸತ್ತ ಮೇಲೆ ಅರಮನೆ ಬಿಟ್ಟು ನಮ್ಮ ದೋಣಿಕಟ್ಟೆಯ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಇರುತ್ತಿದ್ದಳು. ಯಾವ ಬಾಗಿಲ ಕಡೆಗೂ ಹೋಗುತ್ತಿರಲಿಲ್ಲ, ಮಕ್ಕಳನ್ನು ನೋಡಿ ಹದಿನೆಂಟು ವರ್ಷವಾಗಿತ್ತು. ನಾನು ದಿನಾ ಬೆಳಿಗ್ಗೆ ಹಾಲು ಕೊಟ್ಟು ಬರುತ್ತಿದ್ದೆ, ಹಾಲು ನೀರಾಗಿದೆಯೆಂದು ದಿನಾ ಬೈಸಿಕೊಂಡು ಬರುತ್ತಿದ್ದೆ. ನನ್ನ ತಾಯಿ ನನ್ನನ್ನು ಹೆತ್ತಾಗಲೇ ತೀರಿಕೊಂಡವಳು. ಬೈಯುವವರು ಒಬ್ಬರು ಇದ್ದಾರೆಂಬುದೇ ನನಗೆ ದೊಡ್ಡದಾಗಿತ್ತು.

ಇಪ್ಪತ್ತಾರು ವರ್ಷದ ಹಿಂದಿನ ಸುಗ್ಗಿಯಲ್ಲಿ ಅವಳ ಕಾಲು ಊದಿಕೊಂಡಿತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಚಳಿ ಬೀಳುವ ತನಕ ಇದ್ದರೆ ಹೆಚ್ಚು ಎಂದು ವೈದ್ಯ ನನ್ನ ಕಿವಿಯಲ್ಲಿ ಹೇಳಿದ. ಅವಳು ಅದನ್ನೂ ಕೇಳಿಸಿಕೊಂಡಳು.

"ಗುಟ್ಟು ಯಾಕ್ರೋ, ಸಾಯೋಳು ನಾನು ತಾನೆ? ಇಮ್ಮಾ, ನನ್ನ ಮಕ್ಕಳಿಗೆ ಹೇಳಿ ಕಳಿಸು. ಮೂವರೂ ಬರಲಿ. ಒಬ್ಬೊಬ್ಬರಾಗಿ ಬೇಡ, ಮೂವರನ್ನೂ ಒಟ್ಟಿಗೆ ಒಂದು ಸಲ ನೋಡ್ಬೇಕು."

ಮಕ್ಕಳು ಬಂದರು. ಅದನ್ನು ಇಲ್ಲವೆನ್ನಲಾರೆ, ಸುದ್ದಿ ಮುಟ್ಟಿದ ಐದನೆಯ ದಿನಕ್ಕೆ ಮೂರು ಕಡೆಯೂ ಡೇರೆ ಎದ್ದವು. ಆಮೇಲೆ ನನ್ನ ಓಡಾಟ ಶುರುವಾಯಿತು. ಹಿರಿಯವನು ಮೇಲಿನ ಬಾಗಿಲಿಂದ ಮೂರು ಮಾರು ದೂರ ಕುರ್ಚಿ ಹಾಕಿಸಿಕೊಂಡಿದ್ದ.

"ನಾನು ಒಪ್ಪಿಗೆ ಕೊಡೋಕೆ ತಯಾರು," ಎಂದ. "ಮೊದಲು ಅವರಿಬ್ಬರೂ ನನಗೆ ಕೊಡಲಿ."

ನಡುವಿನವನ ಹತ್ತಿರ ಹೋದೆ. "ಅಣ್ಣ ಬರೆದು ಕೊಟ್ಟಿದ್ದಾನಾ? ಬರೀ ಬಾಯಿಮಾತಾ? ಅವನ ಬಾಯಿಮಾತು ನಂಬಿದ ನಮ್ಮ ಚಿಕ್ಕಪ್ಪ ಈಗ ಯಾವ ಮಠದಲ್ಲಿ ಗಂಟೆ ಹೊಡೀತಿದ್ದಾನೆ ಗೊತ್ತಾ ನಿನಗೆ?"

ಕಿರಿಯವನು ಆ ದಡದಲ್ಲಿ ಕಲ್ಲಿನ ಮೇಲೆ ಕೂತಿದ್ದ. ಕಣ್ಣು ಕೆಂಪಾಗಿತ್ತು. "ನಾನು ಕೊಡ್ತೀನಿ ಇಮ್ಮಾ. ಆದ್ರೆ ನಾನು ಮೊದಲು ಕೊಟ್ಟು, ಅವರಿಬ್ಬರೂ ಒಳಗೆ ಹೋಗಿ ಬಾಗಿಲು ಹಾಕ್ಕೊಂಡುಬಿಟ್ರೆ? ನನ್ನ ಮಕ್ಕಳ ತಲೆಗೂದಲು ಉಳಿಯತ್ತಾ?"

ಮೂರು ದಿನ ಹೀಗೇ ಅಲೆದೆ. ಮೂವರೂ ತಾಯಿಗಾಗಿ ಅತ್ತರು, ಮೂವರೂ ಒಂದು ಹೆಜ್ಜೆ ಮುಂದೆ ಇಡಲಿಲ್ಲ. ದೊಡ್ಡವ್ವನನ್ನೇ ಯಾವುದಾದರೂ ಬಾಗಿಲ ಹೊರಗೆ ಹೊತ್ತು ತರೋಣವೆಂದರೆ ಅವಳು ಸಿಡಿದಳು.

"ಮೇಲಿನ ಬಾಗಿಲಿಗೆ ಹೋದ್ರೆ ಅವ್ವ ಹಿರಿಯವನ ಕಡೆ ಸೇರ್ಕೊಂಡ್ಲು ಅಂತಾರೆ. ಕೆಳಗಿನದಕ್ಕೆ ಹೋದ್ರೆ ನಡುವಿನವನ ಕಡೆ. ನಾನು ಸತ್ತ ಮಾರನೇ ದಿನ ಅದಕ್ಕೇ ಕತ್ತಿ ಹಿಡೀತಾರೆ, ಹೆತ್ತವಳಿಗೆ ಗೊತ್ತಿಲ್ವಾ? ಒಬ್ಬನ ನೆಲ ತುಳಿಯೋಳಲ್ಲ ನಾನು. ಮೂವರೂ ಒಟ್ಟಿಗೆ ಸಿಕ್ಕಿದ್ರೆ ಸರಿ, ಇಲ್ದಿದ್ರೆ ಈ ಗೋಡೆ ನೋಡ್ಕೊಂಡೇ ಸಾಯ್ತೀನಿ."

ಗೋಡೆಯ ಕಡೆ ತಿರುಗಿ ಮಲಗಿಯೂಬಿಟ್ಟಳು. ಹೆಗಲು ಅಲುಗುತ್ತಿತ್ತು. ಅವಳು ಅಳುವುದನ್ನು ನಾನು ಅದೇ ಮೊದಲ ಸಲ ನೋಡಿದ್ದು. ನನಗೆ ತಡೆಯಲಾಗಲಿಲ್ಲ.

ನೆಟ್ಟಗೆ ದೋಣಿಕಟ್ಟೆಗೆ ಹೋಗಿ ನಲವತ್ತು ಮನೆಯವರನ್ನೂ ಕರೆದೆ. ನದಿಗೆ ಯಾರ ಪಾಲೂ ಇಲ್ಲ, ನದಿಯ ನಡುವೆ ದೋಣಿಯಲ್ಲಿ ದೊಡ್ಡವ್ವನನ್ನು ಕೂರಿಸುತ್ತೇನೆ, ಮಕ್ಕಳು ಮೂರು ಕಡೆಯಿಂದ ನೀರಿಗಿಳಿದು ಬರಲಿ, ಒಬ್ಬನ ನೆಲವೂ ಅಲ್ಲ, ಊರೂ ಅಲ್ಲ ಎಂದೆ. ಮೀನುಗಾರರ ಹಿರಿಯ ಲಾಂಬೆರ್ಟಜ್ಜ ಎದ್ದು ನಿಂತ.

"ನಿಂಗೆ ತಲೆ ಕೆಟ್ಟಿದ್ಯಾ ಇಮ್ಮಾ? ಇಳಿದ ಕೂಡ್ಲೆ ಇದು ಪಾಲಾಗಿಲ್ಲ ಅಂತ ಅವರಿಗೆ ಗೊತ್ತಾಗತ್ತೆ. ಮಾರನೇ ದಿನವೇ ಹಗ್ಗ ಬರತ್ತೆ. ನಿಮ್ಮಪ್ಪ ಸಾಯೋವರೆಗೂ ಬಾಯಿ ಕಟ್ಕೊಂಡಿದ್ದ. ಅವನು ಉಳಿಸಿದ್ದನ್ನ ನೀನು ಒಂದೇ ದಿನಕ್ಕೆ ಮುಳುಗಿಸ್ತೀಯ."

"ಹಗ್ಗ ಬರತ್ತೆ ಅಜ್ಜ, ನಂಗೂ ಗೊತ್ತು. ಆದ್ರೆ ಆಕೆ ಮಕ್ಕಳ ಮುಖ ನೋಡದೆ ಹೋದ್ರೆ ನಾನು ಈ ನೀರಲ್ಲಿ ಹುಟ್ಟು ಹಾಕಲಾರೆ. ಆಮೇಲೆ ನದಿ ಇದ್ದೂ ನಂಗೆ ಏನು ಉಪಯೋಗ?"

ಅಗಸರ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಲಾಂಬೆರ್ಟಜ್ಜ ಬಹಳ ಹೊತ್ತು ನೀರನ್ನೇ ನೋಡಿದ. ಆಮೇಲೆ, "ದೋಣಿಗೆ ದಪ್ಪಗೆ ಹುಲ್ಲು ಹಾಸು. ಆಕೆಗೆ ಬೆನ್ನುನೋವು," ಎಂದ.

ಮೂವರಿಗೂ ನಾನೇ ಹೋಗಿ ಹೇಳಿದೆ. ಮೂವರೂ ನಂಬಲಿಲ್ಲ. ಪಾಲಿನ ಪತ್ರ ತರಿಸಿ, ಪಾದ್ರಿಯಿಂದ ಮೂರು ಮೂರು ಸಲ ಓದಿಸಿದರು. ಬೆಟ್ಟ ಬಂತು, ಗಿರಣಿ ಬಂತು, ಜೇನುಗೂಡಿನ ಮರಗಳೂ ಬಂದವು, ನದಿ ಬರಲಿಲ್ಲ. ಹಿರಿಯವನ ಮುಖದ ಮೇಲೆ ಆಗ ಆಸೆ ಮೂಡಿದ್ದು ನನಗೆ ಕಂಡಿತು. ಆದರೂ ನಾನು ಹಿಂದೆ ಸರಿಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ, ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ದೊಡ್ಡವ್ವನನ್ನು ದೋಣಿಯಲ್ಲಿ ಕೂರಿಸಿಕೊಂಡು ನಡುನೀರಿಗೆ ಹೋದೆ. ಲಾಂಬೆರ್ಟಜ್ಜ ಉದ್ದನೆಯ ಗಳು ಊರಿ ದೋಣಿ ಅಲುಗದಂತೆ ಹಿಡಿದ. ಊರಿಗೆ ಊರೇ ಗೋಡೆ ಹತ್ತಿ ನಿಂತಿತ್ತು. ಮೂರು ಕಡೆಯಿಂದ ಮೂವರು ರಾಜರು ಚಪ್ಪಲಿ ಬಿಚ್ಚಿ ನೀರಿಗಿಳಿದರು. ಕತ್ತಿಗಳನ್ನು ದಡದಲ್ಲೇ ಬಿಟ್ಟಿದ್ದರು, ಹಾಗೆಂದು ನಾನು ಮೊದಲೇ ತಾಕೀತು ಮಾಡಿದ್ದೆ. ಸುಗ್ಗಿಯ ನದಿ, ನಡುವೆ ಎದೆಮಟ್ಟ ನೀರು. ಅವರ ಉದ್ದ ಕೂದಲು ಬಿಚ್ಚಿಕೊಂಡು ನೀರಿನ ಮೇಲೆ ತೇಲುತ್ತ ಬಂತು. ಮೂವರಿಗೂ ಈಜು ಬರುವುದಿಲ್ಲವೆಂದು ಆಗ ಗೊತ್ತಾಯಿತು. ಹೆಜ್ಜೆ ಹೆಜ್ಜೆಗೂ ತಡಕಾಡುತ್ತ ಬಂದು ದೋಣಿಯ ಅಂಚು ಹಿಡಿದುಕೊಂಡರು.

ದೊಡ್ಡವ್ವ ಒಬ್ಬೊಬ್ಬರ ಮುಖವನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದಳು. "ಏನೋ ಇದು, ಗಡ್ಡ ಬೆಳ್ಳಗಾಗಿದೆ? ನೀನ್ಯಾಕೋ ಇಷ್ಟು ಇಳಿದುಹೋಗಿದ್ದೀಯ, ಹೆಂಡ್ತಿ ಊಟ ಹಾಕಲ್ವಾ? ಸಿಗಿಮರ್, ಮೂಗು ಒರೆಸ್ಕೋ." ನಲವತ್ತು ವರ್ಷದ ರಾಜ ಒದ್ದೆ ಕೈಯಿಂದ ಮೂಗು ಒರೆಸಿಕೊಂಡ. ಆಮೇಲೆ ಮೂವರೂ ಅವಳ ಮಡಿಲಿಗೆ ತಲೆಯಿಟ್ಟು ಬಿಕ್ಕಿದರು. ಅವಳ ಬಟ್ಟೆಯೆಲ್ಲ ನೆನೆಯಿತು. ನಾನೂ ಅತ್ತೆ. ಅಳದವರು ಯಾರೂ ಇರಲಿಲ್ಲ, ರೊಟ್ಟಿಯವಳು ಕೂಡ ಗೋಡೆಯ ಮೇಲೆ ನಿಂತು ಮೂಗು ಸೀಟಿದ್ದು ನನಗೆ ಕೇಳಿಸಿತು.

ಬಹಳ ಹೊತ್ತಾದ ಮೇಲೆ ಹಿರಿಯವನು ತಲೆಯೆತ್ತಿ ನದಿಯ ಉದ್ದಕ್ಕೂ ಕಣ್ಣಾಡಿಸಿದ. "ಅವ್ವಾ, ಈ ನೀರು ಪಾಲಾಗದೆ ಉಳಿದಿದೆ. ನಾಳೆ ಹಗ್ಗ ತರಿಸ್ತೀನಿ."

"ಮೂರು ಸಮಪಾಲು," ಎಂದ ನಡುವಿನವನು ತಕ್ಷಣ. "ದೋಣಿಕಟ್ಟೆ ನನಗೆ ಬರ್ಬೇಕು."

ಲಾಂಬೆರ್ಟಜ್ಜ ಗಳು ಸಡಿಲಬಿಟ್ಟ, ದೋಣಿ ವಾಲಿತು. ನನ್ನ ತಲೆ ತಗ್ಗಿತು. ದೊಡ್ಡವ್ವ ನನ್ನ ಮುಖ ನೋಡಿದಳು, ಮುದುಕನ ಮುಖ ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನೆಟ್ಟಗೆ ಕೂತಳು.

"ನನ್ನ ಪಾಲು ಎಲ್ಲಿ?"

"ಯಾವ ಪಾಲು ಅವ್ವಾ?" ಹಿರಿಯವನು ತಬ್ಬಿಬ್ಬಾದ.

"ನಿಮ್ಮಪ್ಪ ಸತ್ತಾಗ ಮೂವರೂ ಕೂತು ಹಂಚ್ಕೊಂಡ್ರಿ. ಮಕ್ಕಳು ಪಾಲು ಮಾಡ್ಕೊಳ್ಳುವಾಗ ತಾಯಿ ಇದ್ರೆ ಅವಳಿಗೂ ಒಂದು ಪಾಲು, ಅವಳು ಇರೋವರೆಗೂ. ಉಣ್ಣೆ ಹಿಂಜೋರ ಮನೇಲೂ ಈ ಕಟ್ಟಳೆ ಉಂಟು. ನೀವು ರಾಜರು, ನನ್ನನ್ನ ಮರೆತ್ರಿ. ನಾನೂ ಬಾಯಿ ಬಿಡಲಿಲ್ಲ. ಈಗ ಕೇಳ್ತಿದೀನಿ, ಊರೆಲ್ಲ ಕೇಳೋ ಹಾಗೆ ಕೇಳ್ತಿದೀನಿ. ನದಿ ನನ್ನ ಪಾಲು. ಕೊಡ್ತೀರೋ, ಇಲ್ಲವೋ?"

ಹಿರಿಯವನು ಅವಳ ಊದಿದ ಕಾಲು ನೋಡಿದ, ನೀಲಿಗಟ್ಟಿದ ತುಟಿ ನೋಡಿದ. ಹೆಚ್ಚೆಂದರೆ ಎಷ್ಟು ದಿನ ಎಂದು ಅವನು ಎಣಿಸಿದ್ದು ನನಗೆ ಕಂಡಿತು. ಆ ವಂಶದಲ್ಲಿ ಆಣೆಯೆಂದರೆ ತಲೆಯಿಂದ ಒಂದು ಕೂದಲು ಕಿತ್ತು ಕೊಡುವುದು. ಅವನು ಕಿತ್ತು ಕೊಟ್ಟ. ಅಣ್ಣ ಕೊಟ್ಟದ್ದನ್ನು ನೋಡಿ ನಡುವಿನವನೂ ಕೊಟ್ಟ. ಕಿರಿಯವನು ಮಾತ್ರ ಎಣಿಸಲಿಲ್ಲ, ಕೂದಲು ಕೊಟ್ಟು ತಾಯಿಯ ಕೈಯನ್ನು ಕಣ್ಣಿಗೊತ್ತಿಕೊಂಡ. ಅವಳು ಇರುವಷ್ಟು ದಿನ ನದಿ ಅವಳದು, ಆಮೇಲೆ ಮೂವರಿಗೆ ಸಮಪಾಲು ಎಂದು ಪಾದ್ರಿ ದಡದಲ್ಲಿ ನಿಂತು ಕೂಗಿ ಹೇಳಿದ.

ಅದಾದ ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಹಾಲು ತೆಗೆದುಕೊಂಡು ಹೋದೆ. ಅವಳು ಬೈಯಲಿಲ್ಲ. ಪಾತ್ರೆ ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಕೈ ಇನ್ನೂ ಬೆಚ್ಚಗಿತ್ತು. ನನ್ನನ್ನು ಬೈಯುವವರು ಇನ್ನು ಯಾರೂ ಇಲ್ಲವೆಂದು ಗೋಳೋ ಎಂದು ಅಳಬೇಕೆನಿಸಿತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಜೋರಾಗಿ ಅತ್ತರೆ ಮೇಲಿನ ಬಾಗಿಲಿಗೆ ಕೇಳಿಸುತ್ತದೆ ಎಂಬ ಬುದ್ಧಿ ಆ ಹೊತ್ತಿನಲ್ಲೂ ಎಲ್ಲಿಂದ ಬಂತೋ.

ಯಾರೂ ಸಭೆ ಸೇರಲಿಲ್ಲ, ಯಾರೂ ತೀರ್ಮಾನ ಮಾಡಲಿಲ್ಲ. ಸಾವಿನ ಗಂಟೆ ಹೊಡೆಯಲು ಹಗ್ಗ ಹಿಡಿದ ಪಾದ್ರಿ ನನ್ನ ಮುಖ ನೋಡಿ ಹಗ್ಗ ಬಿಟ್ಟ, ಅಷ್ಟೆ. ಇಗರ್ಜಿಯೊಳಗೆ, ಸಂತರ ಮಗ್ಗುಲಲ್ಲಿ, ಹೆಸರು ಕೆತ್ತದ ಕಲ್ಲಿನ ಕೆಳಗೆ ಅವಳನ್ನು ಮಲಗಿಸಿದೆವು. ಮಾರನೆಯ ದಿನ ಹಿರಿಯವನ ದೂತ ಬಾಗಿಲಿಗೆ ಬಂದು, ತಾಯಿಯವರು ಹೇಗಿದ್ದಾರೆ ಎಂದು ಕೇಳಿದ. ರೊಟ್ಟಿಯವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ನನಗಿಂತ ಮೊದಲೇ ಹೇಳಿದಳು:

"ಊಟ ಮಾಡಿ ಮಲಗಿದಾರೆ. ಎಬ್ಬಿಸ್ಬೇಕಾ?"

ಅಂದಿನಿಂದ ದೊಡ್ಡವ್ವ ನಮ್ಮ ಊರಲ್ಲಿ ಸಾಯಲೇ ಇಲ್ಲ. ಮಳೆಗಾಲದಲ್ಲಿ ಅವಳಿಗೆ ಕೀಲುನೋವು, ಚಳಿಗಾಲದಲ್ಲಿ ಕೆಮ್ಮು, ವಸಂತ ಬಂದರೆ ಎದ್ದು ಓಡಾಡುತ್ತಾಳೆ. ಮೂರು ಕಡೆಯವರಿಗೂ ಅನುಮಾನ ಬಂತು, ಬಾರದೆ ಇರುತ್ತದೆಯೇ? ಆದರೆ ಒಳಗೆ ಬಂದು ನೋಡಬೇಕೆಂದರೆ ರಾಜನೇ ಬರಬೇಕು, ತಾಯಿಯ ಮುಖ ನೋಡಿ ಸಾಕ್ಷಿ ಹೇಳಲು ಆಳುಗಳಿಂದ ಆಗುವುದಿಲ್ಲ. ರಾಜ ಬರಬೇಕೆಂದರೆ ಮಿಕ್ಕಿಬ್ಬರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡಬೇಕೆಂದರೆ ಇನ್ನಿಬ್ಬರು ಮೊದಲು ಕೊಡಬೇಕು. ಆ ಮಾತುಕತೆ ಇನ್ನೂ ಮುಗಿದಿಲ್ಲ. ಹಿರಿಯವನು ಜ್ವರದಲ್ಲಿ ಹೋದ, ಅವನ ಪಾಲು ನಾಲ್ಕಾಯಿತು, ಈಗ ಅಲ್ಲಿ ರಾಜರನ್ನು ವರ್ಷಕ್ಕೊಮ್ಮೆ ಎತ್ತಿನ ಗಾಡಿಯಲ್ಲಿ ಕೂರಿಸಿ ತೋರಿಸುತ್ತಾರೆ, ಮಿಕ್ಕ ದಿನವೆಲ್ಲ ಅರಮನೆಯ ಪಾರುಪತ್ಯಗಾರನದೇ ದರ್ಬಾರು. ನಡುವಿನವನನ್ನು ಅವನ ಮಗನೇ ತಲೆ ಬೋಳಿಸಿ ಮಠಕ್ಕೆ ಕಳಿಸಿದ. ಆ ಗದ್ದಲದಲ್ಲೆಲ್ಲ ನಮ್ಮ ನದಿಗೆ ಹಗ್ಗ ಬೀಳಲಿಲ್ಲ. ಲಾಂಬೆರ್ಟಜ್ಜ ಸುಂಕ ಕೊಡದೆಯೇ ಕಣ್ಣು ಮುಚ್ಚಿದ.

ಕಿರಿಯವನು ಒಬ್ಬ ಉಳಿದಿದ್ದಾನೆ. ಪ್ರತಿ ಸುಗ್ಗಿಗೆ ಆ ದಡಕ್ಕೆ ಬರುತ್ತಾನೆ, ನಾನು ದೋಣಿ ಹತ್ತಿರ ತರುತ್ತೇನೆ. ಹೋದ ತಿಂಗಳು ಬಂದಿದ್ದ. ಅರವತ್ತಾರು ದಾಟಿದೆ, ಕೂದಲು ಬೆಳ್ಳಗಾಗಿ ತೆಳುವಾಗಿದೆ. ಆಳುಗಳನ್ನು ದೂರ ನಿಲ್ಲಿಸಿ, ಚಪ್ಪಲಿ ಬಿಚ್ಚಿ, ಮೊಣಕಾಲುದ್ದ ನೀರಿಗೆ ಇಳಿದು ನಿಂತ.

"ಅವ್ವ ಹೇಗಿದ್ದಾರೆ ಇಮ್ಮಾ?"

"ಚೆನ್ನಾಗಿದಾರೆ ದೊರೆ."

"ಎಷ್ಟಾಯ್ತು ಈಗ?"

"ತೊಂಬತ್ತೇಳು."

"ಕಣ್ಣು ಕಾಣತ್ತಾ?"

"ಸೂಜಿಗೆ ದಾರ ಪೋಣಿಸ್ತಾರೆ."

ಅವನು ತಲೆಯಾಡಿಸಿದ. ಇಪ್ಪತ್ತಾರು ವರ್ಷದಲ್ಲಿ ನನಗೆ ಅವನ ಮುಂದೆ ಸುಳ್ಳು ಹೇಳಲು ಒಮ್ಮೆಯೂ ಕಷ್ಟವಾಗಿರಲಿಲ್ಲ, ಅವನಿಗೆ ಮೊದಲ ವರ್ಷವೇ ಗೊತ್ತಾಗಿತ್ತು ಎಂದು ನನಗೂ ಗೊತ್ತಿತ್ತು.

"ನನಗೆ ಐದು ಜನ ಗಂಡುಮಕ್ಕಳು," ಎಂದ. "ನಾನು ಹೋದ ಮೇಲೆ ಐವರೂ ಬಂದು ನಿನ್ನನ್ನ ಕೇಳ್ತಾರೆ. ಅವರಿಗೂ ಹೀಗೇ ಹೇಳು."

"ಹೇಳ್ತೀನಿ ದೊರೆ. ನಾನಿಲ್ದಿದ್ರೆ ನನ್ನ ಮಗಳು ಹೇಳ್ತಾಳೆ."

ಗಾಳಿ ಬೀಸಿತು. ನೀರು ಹಿಮದ ಹಾಗೆ ಕೊರೆಯುತ್ತಿತ್ತು, ಅವನ ಕಾಲು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಆದರೂ ಹೋಗಲು ಮನಸ್ಸಿಲ್ಲದೆ ಊರಿನ ಕಡೆ ನೋಡುತ್ತ ನಿಂತಿದ್ದ. ಕೊನೆಗೆ ಮೆಲ್ಲಗೆ ಕೇಳಿದ:

"ಈಗ ಏನು ಮಾಡ್ತಿದಾರೆ ಅವ್ವ?"

"ನಿಮ್ಮನ್ನ ಬೈತಿದಾರೆ ದೊರೆ. ಈ ವಯಸ್ಸಲ್ಲಿ ಚಳಿ ನೀರಿಗೆ ಯಾಕೆ ಇಳಿದೆ, ಮೇಲೆ ಹತ್ತು ಅಂತ."

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಅವ್ವ ಹೇಳಿದ ಮಾತು ಕೇಳುವ ಮಗನಂತೆ, ಸುಮ್ಮನೆ ದಡ ಹತ್ತಿದ.